ಟೆರೇಸಿಗೆ ಹತ್ತುವ ಮೊದಲು ಬೇಸ್‌ಮೆಂಟಿಗೆ ಇಳಿಯಿರಿ

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 84 ಮನೆಗಳ ಅಪಾರ್ಟ್‌ಮೆಂಟ್. ಕಟ್ಟಿ 12 ವರ್ಷ ಆಯಿತು. ಈ ವರ್ಷ ಅಸೋಸಿಯೇಷನ್ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಿದೆ. ಕಾಮನ್ ಮೀಟರ್‌ನಲ್ಲಿ ತಿಂಗಳಿಗೆ 14 ಸಾವಿರ ಯೂನಿಟ್ ಓಡುತ್ತದೆ, ಬಿಲ್ ಒಂದು ಲಕ್ಷ ದಾಟುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಬೇರೆ. ಒಂದು ಸೋಲಾರ್ ಕಂಪನಿಯವರು “ನೀವು ಒಂದು ರೂಪಾಯಿ ಹಾಕಬೇಡಿ, 100 ಕಿಲೋವ್ಯಾಟ್ ನಾವೇ ಹಾಕ್ತೀವಿ, 25 ವರ್ಷದ ಒಪ್ಪಂದಕ್ಕೆ ಸಹಿ ಮಾಡಿ” ಅಂತಿದ್ದಾರೆ. ಕಮಿಟಿಯಲ್ಲಿ ಒಬ್ಬರು ಗ್ರೀನ್ ಲೋನ್ ತಗೊಳ್ಳೋಣ ಅಂತಾರೆ. ಇನ್ನೊಬ್ಬರು ಗ್ರೀನ್ ಸರ್ಟಿಫಿಕೇಟ್ ಮಾಡಿಸಿದರೆ ಫ್ಲ್ಯಾಟ್ ಬೆಲೆ ಏರುತ್ತದೆ ಅಂತಾರೆ. ಫಂಡ್‌ನಲ್ಲಿ 18 ಲಕ್ಷ ಇದೆ, ಅದು ಪೇಂಟಿಂಗ್ ಮತ್ತು ವಾಟರ್‌ಪ್ರೂಫಿಂಗ್‌ಗೆ ಇಟ್ಟದ್ದು. ಯಾವುದನ್ನು ಮೊದಲು ಮಾಡಬೇಕು? ದುಡ್ಡು ಎಲ್ಲಿಂದ ತರಬೇಕು?

ಉತ್ತರ: ನಿಮ್ಮ ಪತ್ರದ ಜೊತೆ ಒಂದು ವರ್ಷದ ಬಿಲ್ಲು, ಮೋಟರ್‌ಗಳ ಪಟ್ಟಿ ಕಳಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಕಂಪನಿಯ ಬ್ರೋಷರ್ ಮಾತ್ರ ಕಳಿಸುತ್ತಾರೆ. ಆ ಪಟ್ಟಿ ನೋಡಿದ ಮೇಲೆ ನನ್ನ ಮಾತು ಇಷ್ಟೇ: ಮೊದಲು ಖರ್ಚಾಗುವ ಯೂನಿಟ್ ಇಳಿಸಿ, ಆಮೇಲೆ ಯೂನಿಟ್ ತಯಾರಿಸಿ. ಒಂದೊಂದು ಕೆಲಸದ ಉಳಿತಾಯವೇ ಮುಂದಿನ ಕೆಲಸಕ್ಕೆ ದುಡ್ಡು ಕೊಡಬೇಕು. ಈ ಕ್ರಮ ತಿರುಗಿಸಿದರೆ ಬೇಕಾದ್ದಕ್ಕಿಂತ ದೊಡ್ಡ ಸೋಲಾರ್ ಕೊಂಡು, ಹಳೇ ಟ್ಯೂಬ್‌ಲೈಟ್‌ಗಳಿಗೆ ಅದರ ಕರೆಂಟ್ ಉಣಿಸುತ್ತಾ ಕೂರುತ್ತೀರಿ.

ಬೇಸ್‌ಮೆಂಟಿನಿಂದ ಶುರು ಮಾಡೋಣ. ಎರಡು ಅಂತಸ್ತಿನ ಪಾರ್ಕಿಂಗ್‌ನಲ್ಲಿ 140 ಹಳೇ ಟ್ಯೂಬ್‌ಲೈಟ್ ಇವೆ ಅಂತ ಬರೆದಿದ್ದೀರಿ. ಚೋಕ್ ಸೇರಿ ಒಂದಕ್ಕೆ ಸುಮಾರು 50 ವ್ಯಾಟ್. ಎಲ್ಲ ಸೇರಿದರೆ 7 ಕಿಲೋವ್ಯಾಟ್. ನೆಲಮಾಳಿಗೆಯಲ್ಲಿ ಹಗಲು ರಾತ್ರಿ ಅಂತ ಇಲ್ಲ, ಅವು 24 ಗಂಟೆಯೂ ಉರಿಯುತ್ತವೆ. ದಿನಕ್ಕೆ 168 ಯೂನಿಟ್, ತಿಂಗಳಿಗೆ 5 ಸಾವಿರ ಯೂನಿಟ್. ಅಂದರೆ ನಿಮ್ಮ ಕಾಮನ್ ಬಿಲ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗುತ್ತಿರುವುದು ನಿಂತಿರುವ ಕಾರುಗಳಿಗೆ ಬೆಳಕು ತೋರಿಸಲು!

ಇದರ ಜಾಗಕ್ಕೆ 18 ವ್ಯಾಟ್‌ನ ಎಲ್‌ಇಡಿ ಹಾಕಿ, ಅದೂ ಸೆನ್ಸರ್ ಇರುವಂಥದ್ದು. ಯಾರೂ ಓಡಾಡದಾಗ ಬೆಳಕು ಪೂರ್ತಿ ಆರುವುದಿಲ್ಲ, ಮಂದ ಆಗುತ್ತದೆ. ಪೂರ್ತಿ ಆರಿದರೆ ಹೆಂಗಸರಿಗೆ, ಮಕ್ಕಳಿಗೆ ಭಯ. ಒಂದು ದೂರು ಬಂದರೆ ಸಾಕು, ವಾಚ್‌ಮನ್ ಸೆನ್ಸರನ್ನೇ ಬೈಪಾಸ್ ಮಾಡಿಬಿಡುತ್ತಾನೆ. ಮಂದ ಆಗುವ ಟ್ಯೂಬ್ ಹಾಕಿದರೆ 168 ಯೂನಿಟ್ ಇದ್ದದ್ದು 35ರ ಆಸುಪಾಸಿಗೆ ಬರುತ್ತದೆ. ತಿಂಗಳಿಗೆ 4 ಸಾವಿರ ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 24 ಸಾವಿರ ರೂಪಾಯಿ. ಟ್ಯೂಬ್ ಒಂದಕ್ಕೆ 600ರಿಂದ 700 ರೂಪಾಯಿ ಅಂದರೂ ಒಂದು ಲಕ್ಷದೊಳಗೆ ಮುಗಿಯಿತು. ನಾಲ್ಕು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. ಇದಕ್ಕೆ ಲೋನ್ ಬೇಡ, ವಿಶೇಷ ಸಭೆ ಬೇಡ, ಸಬ್ಸಿಡಿ ಬೇಡ. ಆದರೂ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಆಗಿರುವುದಿಲ್ಲ. ಉದ್ಘಾಟನೆ ಮಾಡಿ ಫೋಟೋ ತೆಗೆಸಿಕೊಳ್ಳಲು ಟ್ಯೂಬ್‌ಲೈಟ್ ಚೆನ್ನಾಗಿರಲ್ಲ, ಅಲ್ವಾ?

ಮುಂದಿನದು ಎಸ್‌ಟಿಪಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕ. ನಿಮ್ಮ ಬ್ಲೋವರ್ 7.5 ಎಚ್‌ಪಿ, ಅಂದರೆ 5.5 ಕಿಲೋವ್ಯಾಟ್. 24 ಗಂಟೆ ಓಡುತ್ತದೆ ಅಂದಿದ್ದೀರಿ. ಅದೊಂದೇ ತಿಂಗಳಿಗೆ ಸುಮಾರು 4 ಸಾವಿರ ಯೂನಿಟ್. ಬ್ಲೋವರ್ ಮಾಡುವುದೇನು? ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಊದುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರ್‌ಗೆ 2 ಮಿಲಿಗ್ರಾಂ ಆಸುಪಾಸು ಇದ್ದರೆ ಅವಕ್ಕೆ ಸಾಕು. ಕೊಳೆ ನೀರು ಜಾಸ್ತಿ ಬರುವುದು ಬೆಳಿಗ್ಗೆ 6ರಿಂದ 10, ಮತ್ತೆ ಸಂಜೆ. ನಡುರಾತ್ರಿ 2 ಗಂಟೆಗೂ ಅದೇ ವೇಗದಲ್ಲಿ ಊದಿದರೆ ಗಾಳಿ ಸುಮ್ನೆ ಗುಳ್ಳೆಯಾಗಿ ಮೇಲೆ ಬಂದು ಹೋಗುತ್ತದೆ. ಆಮ್ಲಜನಕ ಅಳೆಯುವ ಒಂದು ಸೆನ್ಸರ್, ಅದು ಹೇಳಿದಂತೆ ಬ್ಲೋವರ್ ವೇಗ ಬದಲಿಸುವ ವಿಎಫ್‌ಡಿ, ಜೊತೆಗೆ ತಳದಲ್ಲಿ ಕಟ್ಟಿಕೊಂಡಿರುವ ಹಳೇ ಡಿಫ್ಯೂಸರ್‌ಗಳ (ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಭಾಗ) ಬದಲಾವಣೆ, ಇಷ್ಟು ಮಾಡಿದರೆ 30 ಶೇಕಡಾ ಉಳಿತಾಯ ಕಷ್ಟವೇನಲ್ಲ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಕರೆಂಟ್ ಉಳಿಸುತ್ತೇವೆ ಅಂತ ರಾತ್ರಿಯಿಡೀ ಬ್ಲೋವರ್ ಆರಿಸಬೇಡಿ. ಬ್ಯಾಕ್ಟೀರಿಯಾ ಸಾಯುತ್ತವೆ, ಬೆಳಿಗ್ಗೆ ಹೊತ್ತಿಗೆ ಗಬ್ಬು ವಾಸನೆ. ಸತ್ತ ಎಸ್‌ಟಿಪಿಯನ್ನು ಮತ್ತೆ ದಾರಿಗೆ ತರಲು ವಾರಗಳು ಬೇಕು.

ಇನ್ನೊಂದು, ವಿಎಫ್‌ಡಿ ಮಾರುವವರ ಲೆಕ್ಕ. “ವೇಗ 20 ಶೇಕಡಾ ಇಳಿಸಿದರೆ ಕರೆಂಟ್ ಅರ್ಧ ಆಗುತ್ತದೆ ಸರ್” ಅಂತ ಹೇಳುತ್ತಾರೆ. ಅದು ಫ್ಯಾನ್‌ಗಳಿಗೆ, ನೀರನ್ನು ಮೇಲೆತ್ತದೆ ಸುಮ್ಮನೆ ಸುತ್ತಿಸುವ ಪಂಪ್‌ಗಳಿಗೆ ನಿಜ. ಅಲ್ಲಿ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಎಸ್‌ಟಿಪಿಯಲ್ಲಿ ಸಾಮಾನ್ಯವಾಗಿ ಇರುವುದು ಟ್ವಿನ್ ಲೋಬ್ ಬ್ಲೋವರ್, ಅಂದರೆ ಪ್ರತಿ ಸುತ್ತಿಗೂ ಇಷ್ಟು ಅಂತ ಗಾಳಿ ತಳ್ಳುವಂಥದ್ದು. ಅದು ಯಾವ ವೇಗದಲ್ಲಿ ಓಡಿದರೂ ಟ್ಯಾಂಕಿನ ನೀರಿನ ಆಳದಷ್ಟು ಒತ್ತಡವನ್ನು ಎದುರಿಸಲೇಬೇಕು. ಹಾಗಾಗಿ ವೇಗ 20 ಶೇಕಡಾ ಇಳಿದರೆ ಕರೆಂಟೂ ಹತ್ತಿರತ್ತಿರ 20 ಶೇಕಡಾ ಇಳಿಯುತ್ತದೆ, ಅಷ್ಟೇ. ಸಂಪ್‌ನಿಂದ ಓವರ್‌ಹೆಡ್ ಟ್ಯಾಂಕ್‌ಗೆ ನೀರೆತ್ತುವ ಮೋಟರ್‌ಗೆ ವಿಎಫ್‌ಡಿ ಹಾಕಿದರಂತೂ ಲಾಭ ಇನ್ನೂ ಕಮ್ಮಿ. ನೀರು ಅಷ್ಟೇ ಎತ್ತರ ಹತ್ತಬೇಕಲ್ಲ! ಅಲ್ಲಿ ಹಳೇ ಪಂಪ್ ಬದಲಿಸುವುದೇ ಸರಿ. ಯಾರಾದರೂ ಎಲ್ಲ ಮೋಟರ್‌ಗೂ ವಿಎಫ್‌ಡಿ ಅಂತ ಕೊಟೇಶನ್ ಕೊಟ್ಟರೆ “ಒತ್ತಡ, ಎತ್ತರ ಅಷ್ಟೇ ಇರುವ ಕಡೆ ಕರೆಂಟ್ ಅರ್ಧ ಹೇಗೆ ಆಗುತ್ತದೆ?” ಅಂತ ಕೇಳಿ ನೋಡಿ. ತಿಳಿದವರಾದರೆ ಪಟ್ಟಿ ಅರ್ಧ ಮಾಡಿಕೊಂಡು ವಾಪಸ್ ಬರುತ್ತಾರೆ.

ನೀರು ಬೇರೆ, ಕರೆಂಟ್ ಬೇರೆ ಅಂತ ಎರಡು ಕಮಿಟಿ ಮಾಡಿಕೊಂಡಿದ್ದೀರಿ. ಒಂದೇ ಮಾಡಿ. ನಿಮ್ಮ ಬೋರ್‌ವೆಲ್‌ನಲ್ಲಿ ನೀರು 800 ಅಡಿಯಲ್ಲಿದೆ. ಅಲ್ಲಿಂದ ಸಾವಿರ ಲೀಟರ್ ಮೇಲೆತ್ತಲು, ಪಂಪ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ, ಒಂದೂವರೆ ಯೂನಿಟ್‌ಗಿಂತ ಜಾಸ್ತಿ ಬೇಕು. ಆ ಮೇಲೆ ಓವರ್‌ಹೆಡ್ ಟ್ಯಾಂಕ್‌ಗೆ, ಆ ಮೇಲೆ ಅದೇ ನೀರು ಕೊಳೆಯಾಗಿ ಇಳಿದು ಎಸ್‌ಟಿಪಿಗೆ, ಅಲ್ಲಿಂದ ಫ್ಲಶ್‌ಗೆ ಮತ್ತೆ ಮೇಲಕ್ಕೆ. ಒಂದು ಕೊಡ ನೀರು ಉಳಿಸಿದರೆ ಈ ನಾಲ್ಕೂ ಕಡೆ ಮೀಟರ್ ನಿಧಾನ ಆಗುತ್ತದೆ.

2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಮಾಲ್, ಹೋಟೆಲ್‌ಗಳ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುವ ಮೂತಿ) ಕಡ್ಡಾಯ ಮಾಡಿತು. ನಿಮ್ಮಲ್ಲಿ ಕಾಮನ್ ನಲ್ಲಿಗಳಿಗೆ ಹಾಕಿ ಫೋಟೋ ತೆಗೆದು ಬಿಟ್ಟಿರಬಹುದು. ನೀರು ಓಡುವುದು ಅಡುಗೆಮನೆ ಸಿಂಕ್‌ನಲ್ಲಿ. ಮನೆ ಮನೆಗೂ ಪ್ಲಂಬರ್ ಕಳಿಸಿ ಹಾಕಿಸಿ, ಖರ್ಚು ಅಸೋಸಿಯೇಷನ್‌ನದ್ದೇ ಇರಲಿ.

ಮನೆಗೊಂದು ನೀರಿನ ಮೀಟರ್ ಬಗ್ಗೆ ಕೇಳಿದ್ದೀರಿ. ನೀರು ಉಳಿಸಲು ಅದರಷ್ಟು ಪರಿಣಾಮ ಇನ್ಯಾವುದಕ್ಕೂ ಇಲ್ಲ, ನಿಜ. ಆದರೆ 12 ವರ್ಷದ ಕಟ್ಟಡದಲ್ಲಿ ಒಂದು ಮನೆಗೆ ಒಂದೇ ಪೈಪ್ ಬಂದಿರುವುದಿಲ್ಲ. ಪ್ರತಿ ಬಾತ್‌ರೂಮಿನ ಡಕ್ಟ್‌ನಲ್ಲೂ ಬೇರೆ ಬೇರೆ ಪೈಪ್ ಇಳಿದಿರುತ್ತದೆ, ಅಡುಗೆಮನೆಗೆ ಇನ್ನೊಂದು. ಹಾಗಾಗಿ ಮನೆಗೆ ಮೂರರಿಂದ ಐದು ಮೀಟರ್ ಬೇಕಾಗುತ್ತದೆ. ಮೊದಲು ಒಂದು ಲೈನಿನ ಮನೆಗಳಲ್ಲಿ ಪ್ಲಂಬರ್ ಕರೆಸಿ ಎಣಿಸಿ ನೋಡಿ. ಐದು ಬಂದರೆ ಸದ್ಯಕ್ಕೆ ಬಿಡಿ, ಬ್ಲಾಕ್‌ಗೆ ಒಂದೊಂದು ಮೀಟರ್ ಹಾಕಿ. ಯಾವ ಬ್ಲಾಕ್ ಎಷ್ಟು ಬಳಸಿತು ಅಂತ ಲಿಫ್ಟ್ ಪಕ್ಕ ಅಂಟಿಸಿದರೂ ಸಾಕಷ್ಟು ಇಳಿಯುತ್ತದೆ.

ಮಳೆ ನೀರಿಗೆ ಬರೋಣ. ನಿಮ್ಮ ಟೆರೇಸ್ ಸುಮಾರು 1,500 ಚದರ ಮೀಟರ್. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸು. ಐದರಲ್ಲಿ ಒಂದು ಪಾಲು ಪೋಲಾಯಿತು ಅಂತ ಬಿಟ್ಟರೂ 11 ಲಕ್ಷ ಲೀಟರ್‌ಗಿಂತ ಜಾಸ್ತಿ. 12 ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ ತೊಂಬತ್ತಕ್ಕಿಂತ ಹೆಚ್ಚು ಟ್ಯಾಂಕರ್! ಆದರೆ ಮಳೆ ನಮಗೆ ಬೇಕಾದಾಗ ಕಂತಿನಲ್ಲಿ ಬರುವುದಿಲ್ಲ. ಒಂದೇ ಸಂಜೆ 50 ಮಿಲಿಮೀಟರ್ ಸುರಿದರೆ 60 ಸಾವಿರ ಲೀಟರ್ ಒಟ್ಟಿಗೆ ಇಳಿಯುತ್ತದೆ. ನಿಮ್ಮ ಸಂಪ್ ಆಗ ತುಂಬಿದ್ದರೆ ಎಲ್ಲವೂ ರಸ್ತೆಗೆ. ಅದಕ್ಕೇ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನವೇ ಮೇಲಿನ ಟ್ಯಾಂಕ್ ತುಂಬಿಸಿ, ಸಂಜೆ ಹೊತ್ತಿಗೆ ಸಂಪ್ ಅರ್ಧ ಖಾಲಿ ಇರುವಂತೆ ನೋಡಿಕೊಳ್ಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಪಂಪ್ ಆಪರೇಟರ್‌ಗೆ ಹೇಳಿದರೆ ಆಯಿತು. ಉಕ್ಕುವ ನೀರಿಗೆ ಇಂಗು ಬಾವಿ ತೋಡಿಸಿ. ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ಒಡ್ಡರು ಬೆಂಗಳೂರಿನ ಸುತ್ತಮುತ್ತ ಇನ್ನೂ ಇದ್ದಾರೆ. ಎಲ್ಲಿ ತೋಡಿದರೆ ನೀರು ಇಂಗುತ್ತದೆ ಅಂತ ಮಣ್ಣು ಮುಟ್ಟಿ ಹೇಳಬಲ್ಲವರು ಅವರು. ಮಳೆ ನೀರಿನಲ್ಲಿ ಬದುಕಲು ಆಗುತ್ತಾ ಅಂತ ಅನುಮಾನ ಪಡುವ ಸದಸ್ಯರಿಗೆ ವಿಜಯನಗರದ ಎ.ಆರ್. ಶಿವಕುಮಾರ್ ಅವರ ಮನೆಯ ಬಗ್ಗೆ ಹೇಳಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಅವರು ದಶಕಗಳಿಂದ ಮಳೆ ನೀರನ್ನೇ ನಂಬಿ ಸಂಸಾರ ನಡೆಸಿ ತೋರಿಸಿದ್ದಾರೆ. 84 ಮನೆಗೆ ಅಷ್ಟು ಆಗುವುದಿಲ್ಲ, ತಲೆಗೆ ಬರುವ ಟೆರೇಸ್ ಕಮ್ಮಿ. ಆದರೆ ಟ್ಯಾಂಕರ್ ತಿಂಗಳುಗಳು ಖಂಡಿತ ಕಮ್ಮಿ ಆಗುತ್ತವೆ.

ಎಸ್‌ಟಿಪಿಯಿಂದ ಹೊರಬರುವ ನೀರು ಫ್ಲಶ್‌ಗೆ, ಗಿಡಗಳಿಗೆ ಬಳಸಿಯೂ ಮಿಗುತ್ತದಲ್ಲ, ಅದರಲ್ಲಿ ಅರ್ಧದವರೆಗೆ ಹೊರಗೆ ಮಾರಲು 2024ರಲ್ಲಿ ಸರ್ಕಾರ ಅಪಾರ್ಟ್‌ಮೆಂಟ್‌ಗಳಿಗೆ ಅವಕಾಶ ಕೊಟ್ಟಿದೆ. ಹತ್ತಿರದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ವಿಚಾರಿಸಿ. ದೊಡ್ಡ ಆದಾಯ ಅಂತ ಲೆಕ್ಕ ಹಾಕಬೇಡಿ. ನೀರು ಚೆನ್ನಾಗಿ ಶುದ್ಧವಾಗಿರಬೇಕು ಅನ್ನುವ ಒತ್ತಡ ಬೀಳುತ್ತದೆ, ಅದೇ ನಿಜವಾದ ಲಾಭ.

ಈಗ ಸೋಲಾರ್. ಮೇಲಿನ ಕೆಲಸಗಳಾದ ಮೇಲೆ ನಿಮ್ಮ 14 ಸಾವಿರ ಯೂನಿಟ್ ಎಂಟೂವರೆ ಸಾವಿರಕ್ಕೆ ಇಳಿದಿರುತ್ತದೆ. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಜೂನ್‌ನಿಂದ ಆಗಸ್ಟ್ ಮೋಡದಲ್ಲಿ ಕಮ್ಮಿ, ಫೆಬ್ರವರಿ ಮಾರ್ಚ್‌ನಲ್ಲಿ ಜಾಸ್ತಿ. 100 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 12 ಸಾವಿರ ಯೂನಿಟ್. ನಿಮಗೆ ಬೇಕಾದದ್ದು ಎಂಟೂವರೆ ಸಾವಿರ. ಮಿಕ್ಕಿದ್ದು ಗ್ರಿಡ್‌ಗೆ ಹೋಗುತ್ತದೆ. ಅದಕ್ಕೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಮ್ಮಿ. 2013ರಿಂದ 2016ರ ನಡುವೆ ಕರ್ನಾಟಕದಲ್ಲಿ ಮನೆ ಮೇಲಿನ ಸೋಲಾರ್‌ಗೆ ಯೂನಿಟ್‌ಗೆ 9.56 ರೂಪಾಯಿ ಕೊಡುತ್ತಿದ್ದ ಕಾಲ ಇತ್ತು. ಆ ಕಥೆ ಕೇಳಿ ಈಗಲೂ ಕೆಲವರು ದೊಡ್ಡದು ಹಾಕಿಸುತ್ತಾರೆ. ಆ ಕಾಲ ಮುಗಿಯಿತು.

ನಿಮಗೆ 60 ಕಿಲೋವ್ಯಾಟ್ ಸಾಕು. ಕಿಲೋವ್ಯಾಟ್‌ಗೆ 100 ಚದರ ಅಡಿ ಅಂತ ಹಿಡಿದರೆ 6 ಸಾವಿರ ಚದರ ಅಡಿ ನೆರಳಿಲ್ಲದ ಜಾಗ ಬೇಕು. ಕಿಲೋವ್ಯಾಟ್‌ಗೆ 50 ಸಾವಿರದ ಆಸುಪಾಸು ಅಂದರೆ 30 ಲಕ್ಷ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯನ್ನು 2024ರ ಫೆಬ್ರವರಿಯಲ್ಲಿ ತಂದಾಗ ಎಲ್ಲರೂ ಮಾತಾಡಿದ್ದು ಒಂಟಿ ಮನೆಗೆ ಸಿಗುವ 78 ಸಾವಿರದ ಬಗ್ಗೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ಕಾಮನ್ ಬಳಕೆಗೂ ಕಿಲೋವ್ಯಾಟ್‌ಗೆ 18 ಸಾವಿರ ಇದೆ, ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ 500 ಕಿಲೋವ್ಯಾಟ್‌ವರೆಗೆ. ಕಾರ್ ಚಾರ್ಜಿಂಗ್ ಕೂಡ ಕಾಮನ್ ಬಳಕೆಯೊಳಗೇ ಬರುತ್ತದೆ. ನಿಮ್ಮ ಲೆಕ್ಕಕ್ಕೆ 10.8 ಲಕ್ಷ. ಪ್ಯಾನೆಲ್‌ಗಳು ದೇಶದಲ್ಲೇ ತಯಾರಾದ ಸೆಲ್‌ನವು ಇರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಸಬ್ಸಿಡಿ ಬರುವುದು ಕೆಲಸ ಮುಗಿದು ಮೀಟರ್ ಕೂತ ಮೇಲೆ. ಉಳಿಯುವ 19 ಲಕ್ಷಕ್ಕೆ ತಿಂಗಳಿಗೆ 7,200 ಯೂನಿಟ್, ಅಂದರೆ 43 ಸಾವಿರ ರೂಪಾಯಿ. ನಾಲ್ಕು ವರ್ಷದೊಳಗೆ ಗಿಟ್ಟುತ್ತದೆ.

ಮನೆ ಮನೆಗೂ ಸೋಲಾರ್ ಹಂಚೋಣ ಅನ್ನುವ ಸದಸ್ಯರೂ ಇದ್ದಾರೆ ಅಂದಿದ್ದೀರಿ. ಕರ್ನಾಟಕದಲ್ಲಿ ಇದಕ್ಕೊಂದು ತೊಡಕು ಇದೆ, ಬೇರೆ ರಾಜ್ಯದ ಬ್ರೋಷರ್‌ಗಳಲ್ಲಿ ಅದು ಇರುವುದಿಲ್ಲ. ಗೃಹಜ್ಯೋತಿಯಿಂದ ನಿಮ್ಮಲ್ಲಿ ಎಷ್ಟೋ ಮನೆಗಳ ಬಿಲ್ ಈಗಾಗಲೇ ಸೊನ್ನೆ. ಸೊನ್ನೆಯಲ್ಲಿ ಉಳಿಸುವುದೇನು? ಕಾಮನ್ ಮೀಟರ್‌ಗೆ ಆ ಉಚಿತ ಇಲ್ಲ, ಅಲ್ಲಿ ಪ್ರತಿ ಯೂನಿಟ್‌ಗೂ ದುಡ್ಡು ಕಟ್ಟುತ್ತೀರಿ. ಸೋಲಾರ್ ಅಲ್ಲಿಗೇ ಹೋಗಲಿ.

ಒಂದು ಸಣ್ಣ ವಿಷಯ. ಕರೆಂಟ್ ಹೋದಾಗ ಈ ಸೋಲಾರ್ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವನಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಸಭೆಯಲ್ಲಿ ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಹಾಗಾದರೆ “ಒಂದು ರೂಪಾಯಿ ಹಾಕಬೇಡಿ” ಒಪ್ಪಂದ? ಈ ಮಾದರಿಯಲ್ಲಿ ಮೋಸ ಇದೆ ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದ ಶಾಲೆ, ಆಸ್ಪತ್ರೆಗಳಿಗೆ ಅನುಕೂಲವೇ ಆಗುತ್ತದೆ. ಆದರೆ ನೀವು ಕಳಿಸಿದ ಕರಡು ಓದಿ ನನಗೆ ಸಮಾಧಾನ ಆಗಲಿಲ್ಲ. ಮೊದಲ ವರ್ಷ ಯೂನಿಟ್‌ಗೆ 4.50 ರೂಪಾಯಿ, ಪ್ರತಿ ವರ್ಷ 3 ಶೇಕಡಾ ಏರಿಕೆ ಅಂತಿದೆ. ಕೇಳಲು ಸಣ್ಣದು. 15 ವರ್ಷ ಏರಿದ ಮೇಲೆ ಅದು 7 ರೂಪಾಯಿ ಮುಟ್ಟುತ್ತದೆ. ಆಗ ಬೆಸ್ಕಾಂ ದರ ಎಷ್ಟಿರುತ್ತದೆ? “ಅದು ವರ್ಷಾ ವರ್ಷ ಏರುತ್ತಲೇ ಇರುತ್ತದೆ ಸರ್” ಅಂತ ಕಂಪನಿಯವರ ವಾದ. ಏರಲೇಬೇಕೆಂದಿಲ್ಲ. 2023-24ರಲ್ಲಿ 100 ಯೂನಿಟ್ ದಾಟಿದ ಗೃಹಬಳಕೆಗೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಿಂದ ಅದು 5.90 ಆಯಿತು. ಮರುವರ್ಷ 5.80. ಯೂನಿಟ್ ದರ ಇಳಿಯಿತು, ನಿಗದಿ ಶುಲ್ಕ ಏರಿತು. ನಿಗದಿ ಶುಲ್ಕವನ್ನು ಸೋಲಾರ್ ಮುಟ್ಟುವುದೂ ಇಲ್ಲ. ದರ ಏರಿಯೇ ಏರುತ್ತದೆ ಅಂತ ಹಿಂದೆ ಸಹಿ ಮಾಡಿದವರ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು.

ಇನ್ನೊಂದು ಷರತ್ತು ನೋಡಿ. ತಯಾರಾದ ಪ್ರತಿ ಯೂನಿಟ್‌ಗೂ ನೀವು ದುಡ್ಡು ಕೊಡಬೇಕು, ಬಳಸಿದರೂ ಬಳಸದಿದ್ದರೂ. ಅವರು 100 ಕಿಲೋವ್ಯಾಟ್ ಅನ್ನುವುದು ಅದಕ್ಕೇ. ಮಿಕ್ಕ ಮೂರೂವರೆ ಸಾವಿರ ಯೂನಿಟ್ಟನ್ನು ನಾಲ್ಕೂವರೆಗೆ ಕೊಂಡು ಕಮ್ಮಿ ದರಕ್ಕೆ ಗ್ರಿಡ್‌ಗೆ ಕೊಡುವ ನಷ್ಟ ನಿಮ್ಮದು. ಟೆರೇಸ್ ರಿಪೇರಿಗೆ ಪ್ಯಾನೆಲ್ ಬಿಚ್ಚಬೇಕಾದರೆ ಆ ದಿನಗಳ ಉತ್ಪಾದನೆಯ ದುಡ್ಡೂ ನೀವೇ ಕಟ್ಟಬೇಕು ಅಂತ ಹನ್ನೊಂದನೇ ಪುಟದಲ್ಲಿದೆ. ನಡುವೆ ನೀವೇ ಕೊಂಡುಕೊಳ್ಳಲು ಯಾವ ವರ್ಷ ಎಷ್ಟು ಅನ್ನುವ ಪಟ್ಟಿಯೇ ಇಲ್ಲ. ಈ ಒಪ್ಪಂದವೇ ಬೇಕು ಅಂತ ಸಭೆ ಹಟ ಹಿಡಿದರೆ ದರ ಏರಿಕೆ ತೆಗೆಸಿ, ಗಾತ್ರ 60ಕ್ಕೆ ಇಳಿಸಿ, ಐದನೇ ವರ್ಷದಿಂದ ಕೊಳ್ಳುವ ಹಕ್ಕು ಬರೆಸಿಕೊಳ್ಳಿ.

ದುಡ್ಡಿನ ಮಾತು. ಗ್ರೀನ್ ಫೈನಾನ್ಸ್ ಅನ್ನುವುದು ಪತ್ರಿಕೆಗಳಲ್ಲಿ ದಿನಾ ಬರುತ್ತದೆ, ಅದು ಸುಳ್ಳಲ್ಲ. 2023ರ ಜನವರಿ, ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ 16 ಸಾವಿರ ಕೋಟಿಯ ಗ್ರೀನ್ ಬಾಂಡ್, ಅಂದರೆ ಪರಿಸರದ ಕೆಲಸಕ್ಕೆ ಅಂತಲೇ ಎತ್ತುವ ಸಾಲಪತ್ರ, ತಂದಿತು. ಅದೇ ವರ್ಷದ ಜೂನ್‌ನಿಂದ ಬ್ಯಾಂಕ್‌ಗಳು ಇಂಥ ಕೆಲಸಗಳಿಗೇ ಮೀಸಲಾದ ಗ್ರೀನ್ ಡೆಪಾಸಿಟ್ ಪಡೆಯಲು ರಿಸರ್ವ್ ಬ್ಯಾಂಕ್ ನಿಯಮ ಜಾರಿಗೆ ಬಂತು. ದೊಡ್ಡ ಆಫೀಸ್ ಪಾರ್ಕ್‌ಗಳು ಇದನ್ನು ಚೆನ್ನಾಗಿ ಬಳಸಿಕೊಂಡಿವೆ. ಮೈಂಡ್‌ಸ್ಪೇಸ್ ರೀಟ್ (ರೀಟ್ ಅಂದರೆ ಕಟ್ಟಡಗಳ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ಸಂಸ್ಥೆ) 2023ರಲ್ಲಿ 550 ಕೋಟಿಯ ಗ್ರೀನ್ ಬಾಂಡ್ ಮಾರಿತು. ನಮ್ಮ ಬೆಂಗಳೂರಿನದೇ ಎಂಬೆಸಿ ರೀಟ್ 2019ರಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲ ರೀಟ್. ಅದರ ಕೈಯಲ್ಲಿ ಬಳ್ಳಾರಿ ಸೀಮೆಯ 100 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಅದರ ಕರೆಂಟ್ ಬೆಂಗಳೂರಿನ ಆಫೀಸುಗಳಿಗೆ ಬರುತ್ತದೆ.

ಅವರಿಗೆ ಸಲೀಸಾಗಿ ಸಿಗುವ ಸಾಲ ನಿಮಗೆ ಯಾಕೆ ಸಿಗುವುದಿಲ್ಲ? ಅಲ್ಲಿ ಮಾಲೀಕ ಒಬ್ಬ. ಬಾಡಿಗೆದಾರರು ದೊಡ್ಡ ಕಂಪನಿಗಳು, ಹತ್ತು ವರ್ಷದ ಕರಾರು, ಅವರಿಗೂ ತಮ್ಮ ಕಾರ್ಬನ್ ಲೆಕ್ಕ ತೋರಿಸಬೇಕಾದ ಅಗತ್ಯ. ಇಲ್ಲಿ ಮಾಲೀಕರು 84 ಜನ. ಟೆರೇಸ್ ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಅಸೋಸಿಯೇಷನ್ ಹೆಸರಲ್ಲಿ ಅಡ ಇಡಲು ಏನೂ ಇಲ್ಲ. ಬ್ಯಾಂಕ್ ಮ್ಯಾನೇಜರ್ ಮೊದಲು ಕೇಳುವುದೇ ಅದು. ತಂತ್ರಜ್ಞಾನ ಇದೆ, ದುಡ್ಡೂ ಇದೆ. ಅಪಾರ್ಟ್‌ಮೆಂಟ್‌ಗಳ ಕೆಲಸ ನಿಂತಿರುವುದು ಈ ಮಾಲೀಕತ್ವದ ಗೋಜಲಿನಲ್ಲಿ.

ಹಾಗಂತ ಸಾಲ ಸಿಗುವುದೇ ಇಲ್ಲ ಅಂತಲ್ಲ. ನಿಮ್ಮ ಅಸೋಸಿಯೇಷನ್ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇದೆಯೋ, ಸೊಸೈಟಿ ಕಾಯ್ದೆಯಡಿ ಇದೆಯೋ ಮೊದಲು ನೋಡಿ. ನೋಂದಣಿ ಪತ್ರ, ಮೂರು ವರ್ಷದ ಆಡಿಟ್ ಆದ ಲೆಕ್ಕ, ಮೆಂಟೇನೆನ್ಸ್ ಬಾಕಿ ಎಷ್ಟು ಜನರದ್ದು, ಸರ್ವಸದಸ್ಯರ ಸಭೆಯ ನಿರ್ಣಯ, ಈ ನಾಲ್ಕು ಕಾಗದ ಹಿಡಿದು ನಿಮ್ಮ ಖಾತೆ ಇರುವ ಬ್ರಾಂಚ್‌ಗೇ ಹೋಗಿ. ಹೋಗುವಾಗ ಟ್ಯೂಬ್‌ಲೈಟ್ ಬದಲಿಸಿದ ಮೇಲಿನ ಆರು ತಿಂಗಳ ಬಿಲ್ ಜೊತೆಗಿರಲಿ, ಪಕ್ಕದಲ್ಲಿ ಹಿಂದಿನ ವರ್ಷದ ಅದೇ ತಿಂಗಳುಗಳದ್ದು. ಅಡ ಇಲ್ಲದ ಕಡೆ ಬ್ಯಾಂಕ್ ನೋಡುವುದು ಕಟ್ಟುವ ಶಕ್ತಿ. ಅದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಸಾಲ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ಮನೆಗಿಷ್ಟು ಅಂತ ಒಮ್ಮೆಲೇ ವಸೂಲಿ ಮಾಡುವುದಕ್ಕಿಂತ. ಯಾಕೆ ಅಂತ ಕೇಳಿ. ನಿಮ್ಮಲ್ಲಿ 35 ಮನೆಗಳಲ್ಲಿ ಬಾಡಿಗೆಯವರಿದ್ದಾರೆ. ಒಮ್ಮೆಲೇ 20 ಸಾವಿರ ಕೇಳಿದರೆ ಕೊಡಬೇಕಾದವನು ಮಾಲೀಕ, ಅವನು ಪುಣೆಯಲ್ಲೋ ಅಮೆರಿಕದಲ್ಲೋ ಇರುತ್ತಾನೆ. ಮೆಂಟೇನೆನ್ಸ್ ಇಳಿದರೆ ಲಾಭ ಬಾಡಿಗೆಯವರಿಗೆ. ಮುಂದಿನ ವರ್ಷ ಫ್ಲ್ಯಾಟ್ ಮಾರುವವನೂ “ನನಗೇನು ಬಂತು?” ಅಂತಾನೆ. ಇಬ್ಬರೂ ಕೈ ಎತ್ತುವುದಿಲ್ಲ, ನಿರ್ಣಯ ಬಿದ್ದುಹೋಗುತ್ತದೆ. ಸಾಲವಾದರೆ ಹಾಗಲ್ಲ. 12 ಲಕ್ಷ, 10 ಶೇಕಡಾ ಬಡ್ಡಿ, ಐದು ವರ್ಷ ಅಂದರೆ ಕಂತು ತಿಂಗಳಿಗೆ ಇಪ್ಪತ್ತೈದೂವರೆ ಸಾವಿರ. ಸೋಲಾರ್‌ನಿಂದ ಉಳಿಯುವುದು 43 ಸಾವಿರ. ಕಂತು ಮೆಂಟೇನೆನ್ಸ್‌ನಿಂದಲೇ ಹೋಗುತ್ತದೆ, ಆದರೂ ಮೆಂಟೇನೆನ್ಸ್ ಏರುವುದಿಲ್ಲ. ಯಾರು ಅಲ್ಲಿ ವಾಸ ಇರುತ್ತಾರೋ ಅವರೇ ಕಟ್ಟುತ್ತಾರೆ, ಅವರಿಗೇ ಲಾಭ. ಬಡ್ಡಿ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸಿಗದಿದ್ದರೆ ವಸೂಲಿಯನ್ನೇ ಮಾಡಿ, ಆದರೆ ಕಂತಿನಲ್ಲಿ. ಮನೆಗೆ ತಿಂಗಳಿಗೆ 2,500ರಂತೆ ಆರು ತಿಂಗಳು ಅಂದರೆ 12.6 ಲಕ್ಷ ಬರುತ್ತದೆ. ಮಾಡುವ ಮೊದಲು ಆಡಿಟರ್ ಹತ್ತಿರ ಮಾತಾಡಿ. ತಿಂಗಳ ವಂತಿಗೆ 7,500 ದಾಟಿದರೆ ಜಿಎಸ್‌ಟಿ ಪ್ರಶ್ನೆ ಏಳುತ್ತದೆ. ಉಳಿದದ್ದಕ್ಕೆ ಟ್ಯೂಬ್‌ಲೈಟ್ ಮತ್ತು ಬ್ಲೋವರ್‌ನ ಉಳಿತಾಯ ಇದೆ, ತಿಂಗಳಿಗೆ 30 ಸಾವಿರಕ್ಕೆ ಕಮ್ಮಿ ಇಲ್ಲ. ಅದನ್ನು ಬೇರೆ ಖಾತೆಯಲ್ಲಿಡಿ. ಒಂದೇ ಖಾತೆಯಲ್ಲಿ ಬಿಟ್ಟರೆ ಹಬ್ಬದ ಲೈಟಿಂಗ್‌ಗೆ, ಜಿಮ್‌ನ ಟ್ರೆಡ್‌ಮಿಲ್‌ಗೆ ಹೋಗಿಬಿಡುತ್ತದೆ. ಸಬ್ಸಿಡಿ ಬರುವವರೆಗಿನ ಹತ್ತು ಲಕ್ಷಕ್ಕೆ, ಆ ದುಡ್ಡು ಬಂದ ಮೇಲೆ ಕೊನೆಯ ಕಂತು ಅಂತ ಗುತ್ತಿಗೆದಾರನ ಜೊತೆ ಮೊದಲೇ ಒಪ್ಪಂದ ಮಾಡಿ. ಎಲ್ಲರೂ ಒಪ್ಪುವುದಿಲ್ಲ, ಕೆಲವರು ಒಪ್ಪುತ್ತಾರೆ.

ಆ 18 ಲಕ್ಷವನ್ನು ಮಾತ್ರ ಮುಟ್ಟಬೇಡಿ. ಟ್ಯೂಬ್‌ಲೈಟ್‌ಗೆ ಒಂದು ಲಕ್ಷ ತೆಗೆದು ನಾಲ್ಕು ತಿಂಗಳಲ್ಲಿ ವಾಪಸ್ ಹಾಕಿ, ಅಷ್ಟೇ. ವಾಟರ್‌ಪ್ರೂಫಿಂಗ್ ಕೂಡ ಪರಿಸರದ ಕೆಲಸವೇ ಅಂತ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ 7ರಿಂದ 8 ಶೇಕಡಾ ಬರುವುದು ಸಿಮೆಂಟ್ ತಯಾರಿಕೆಯಿಂದ. ನಿಮ್ಮ ಕಟ್ಟಡದ ಸಿಮೆಂಟ್, ಕಬ್ಬಿಣದ ಹೊಗೆ 12 ವರ್ಷದ ಹಿಂದೆಯೇ ಗಾಳಿಗೆ ಹೋಗಿದೆ. ಗೋಡೆಯಲ್ಲಿ ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿದರೆ 60 ವರ್ಷ ಬಾಳುವ ಕಟ್ಟಡ 35ಕ್ಕೇ ಕೆಡವುವ ಸ್ಥಿತಿಗೆ ಬರುತ್ತದೆ. ಅದೂ ಅಲ್ಲದೆ ಸೋಲಾರ್ ಕೂತ ಮೇಲೆ ಅದರ ಕೆಳಗೆ ವಾಟರ್‌ಪ್ರೂಫಿಂಗ್ ಮಾಡುವುದು ನರಕ. ಮೊದಲು ಟೆರೇಸ್ ಸರಿಪಡಿಸಿ, ಮೇಲ್ಗಡೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಸಿ, ಆಮೇಲೆ ಪ್ಯಾನೆಲ್ ಏರಲಿ. ಮೇಲಿನ ಅಂತಸ್ತಿನವರಿಗೆ ಸೆಕೆಯೂ ಕಮ್ಮಿ ಆಗುತ್ತದೆ.

ಸರ್ಟಿಫಿಕೇಟ್ ಬಗ್ಗೆ. ಗ್ರೀನ್ ಸರ್ಟಿಫಿಕೇಟ್ ಕೊಡುವ ಐಜಿಬಿಸಿ, ಗೃಹ (GRIHA), ಎಡ್ಜ್ ಮೂರೂ ಗಂಭೀರ ವ್ಯವಸ್ಥೆಗಳೇ. ಉದಾಹರಣೆಗೆ ಎಡ್ಜ್‌ನಲ್ಲಿ ಕರೆಂಟ್, ನೀರು, ಸಾಮಗ್ರಿ ತಯಾರಿಕೆಯ ಇಂಗಾಲ ಮೂರರಲ್ಲೂ 20 ಶೇಕಡಾ ಉಳಿತಾಯ ತೋರಿಸಬೇಕು. ಹೊಸ ಕಟ್ಟಡಕ್ಕೆ, ಆಫೀಸ್‌ಗೆ ಅದರ ಬೆಲೆ ಇದೆ. ನಿಮಗೆ ಸದ್ಯ ಬೇಡ. ಫ್ಲ್ಯಾಟ್ ಕೊಳ್ಳುವವರಿಗೆ ಗ್ರೀನ್ ಹೋಮ್ ಲೋನ್ ರಿಯಾಯಿತಿ ಸಿಗುತ್ತದೆ ಅನ್ನುವ ವಾದ ಇದೆಯಲ್ಲ, ಅದರ ಲೆಕ್ಕ ನೋಡಿ. 50 ಲಕ್ಷದ ಸಾಲ, 20 ವರ್ಷ, ಬಡ್ಡಿ 8.5ರಿಂದ 8.4ಕ್ಕೆ ಇಳಿದರೆ ಕಂತಿನಲ್ಲಿ ಉಳಿಯುವುದು ತಿಂಗಳಿಗೆ 320 ರೂಪಾಯಿ ಒಳಗೆ. ಅದಕ್ಕೋಸ್ಕರ ಯಾರೂ ನಿಮ್ಮ ಫ್ಲ್ಯಾಟ್ ಹುಡುಕಿಕೊಂಡು ಬರುವುದಿಲ್ಲ. “ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ತರಿಸ್ತೀರಿ? ಮೆಂಟೇನೆನ್ಸ್ ಎಷ್ಟು?” ಅಂತ ಕೇಳುವವರು ಬರುತ್ತಾರೆ.

ಸಭೆಗೆ ಒಂದೇ ದೊಡ್ಡ ನಿರ್ಣಯ ತರಬೇಡಿ. ಬೇಸ್‌ಮೆಂಟ್ ದೀಪಗಳಿಗೆ ಒಂದು ಲಕ್ಷ ಮತ್ತು ಉಳಿತಾಯಕ್ಕೆ ಬೇರೆ ಖಾತೆ, ಇವೆರಡಕ್ಕೆ ಈ ತಿಂಗಳು ಒಪ್ಪಿಗೆ ಪಡೆಯಿರಿ. ಸೋಲಾರ್ ನಿರ್ಣಯ ಆರು ತಿಂಗಳು ಬಿಟ್ಟು, ಇಳಿದ ಬಿಲ್ ಕೈಯಲ್ಲಿ ಹಿಡಿದು. ಅಷ್ಟರೊಳಗೆ ಬೆಸ್ಕಾಂ ಕಚೇರಿಯಲ್ಲಿ ಒಂದು ವಿಷಯ ಕೇಳಿಟ್ಟುಕೊಳ್ಳಿ. ನಿಮ್ಮ ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಲು ಬೆಸ್ಕಾಂ ಒಪ್ಪಿರುವ ಮಿತಿ, 80 ಕಿಲೋವ್ಯಾಟ್. ಬಳಕೆ ಇಳಿದ ಮೇಲೆ ಅದನ್ನು ಕಮ್ಮಿ ಮಾಡಿಸಿದರೆ ನಿಗದಿ ಶುಲ್ಕ ಉಳಿಯುತ್ತದೆ. ಆದರೆ ಹಾಕಬಹುದಾದ ಸೋಲಾರ್ ಗಾತ್ರಕ್ಕೂ ಆ ಲೋಡ್‌ಗೂ ಸಂಬಂಧ ಇದೆ. ಸೋಲಾರ್ ಅರ್ಜಿ ಪಾಸಾಗುವ ಮೊದಲು ಲೋಡ್ ಇಳಿಸಲು ಹೋಗಬೇಡಿ. ಮುಂದೆ ಬೇಸ್‌ಮೆಂಟಿಗೆ ಕಾರ್ ಚಾರ್ಜರ್‌ಗಳೂ ಬರುತ್ತವೆ, ಆಗ ಇಳಿಸಿದ್ದನ್ನು ಮತ್ತೆ ದುಡ್ಡು ಕೊಟ್ಟು ಏರಿಸಬೇಕಾದೀತು.